ನಮ್ಮ ಸಭೆಯ ಪ್ರಕಟಣೆ ಪುಸ್ತಕ

ಕಳೆದ ವರ್ಷ ಒಂದು ಮಧ್ಯಾಹ್ನ ಕಾಲೇಜಿನ ಹೊಂಗೆಯ ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದಾಗ ನನ್ನ ಸಹಪಾಠಿಯೊಬ್ಬಳು, "ನೀವು ಭಾನುವಾರ ಚರ್ಚಿನಲ್ಲಿ ಎರಡು ಗಂಟೆ ಹೊತ್ತು ಏನು ಮಾಡುತ್ತೀರಿ? ಹಾಡು, ಪ್ರಾರ್ಥನೆ ಬಿಟ್ಟರೆ ಇನ್ನೇನಿರುತ್ತದೆ?" ಎಂದು ಕೇಳಿದಳು. "ಸುದ್ದಿ ಓದುತ್ತೇವೆ" ಎಂದೆ. ಅವಳು ನಕ್ಕಳು. ನಾನು ಹಾಸ್ಯಕ್ಕೆ ಹೇಳಿದೆನೆಂದು ಅವಳ ಭಾವನೆ. ನಾನು ಹೇಳಿದ್ದು ನಿಜ. ಅಂದು ಗಂಟೆ ಬಾರಿಸಿದ್ದರಿಂದ ಪೂರ್ತಿ ಉತ್ತರ ಹೇಳಲಾಗಲಿಲ್ಲ; ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಚಿಕೆಯನ್ನು ಓದುವ ಅಧ್ಯಾಪಕರೂ ಮಿತ್ರರೂ ತಾಳ್ಮೆಯಿಂದ ಲಾಲಿಸಬೇಕೆಂದು ಬೇಡಿಕೊಳ್ಳುತ್ತೇನೆ.

ನನ್ನ ಊರು ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿ ಮೂವತ್ತು ಮನೆಗಳ ಒಂದು ಕ್ರೈಸ್ತ ಸಭೆಯುಂಟು. ನಮ್ಮನ್ನು ಹಿರಿಯರು ಇಂದಿಗೂ "ಮೆಥಡಿಸ್ಟರು" ಎಂದೇ ಕರೆದುಕೊಳ್ಳುತ್ತಾರೆ. ಇದು ಜಾತಿಯ ಹೆಸರಲ್ಲ, ಊರಿನ ಹೆಸರೂ ಅಲ್ಲ. ಮೊದಮೊದಲು ಇದು ಗೇಲಿಯ ಹೆಸರಾಗಿತ್ತು. 1729ರ ಸುಮಾರಿನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕೆಲವು ವಿದ್ಯಾರ್ಥಿಗಳು ಒಟ್ಟುಗೂಡಿ, ಇಷ್ಟು ಹೊತ್ತು ಓದು, ಇಷ್ಟು ಹೊತ್ತು ಪ್ರಾರ್ಥನೆ, ವಾರದಲ್ಲಿ ಇಂತಹ ದಿನ ಸೆರೆಮನೆಯಲ್ಲಿರುವವರ ಭೇಟಿ ಎಂದು ಬಾಳನ್ನು ಕ್ರಮಕ್ಕೆ ಕಟ್ಟಿಕೊಂಡರು. ಉಳಿದ ವಿದ್ಯಾರ್ಥಿಗಳು ಅವರನ್ನು "ಕ್ರಮದವರು" ಎಂಬರ್ಥದಲ್ಲಿ "ಮೆಥಡಿಸ್ಟ್" ಎಂದು ಹಾಸ್ಯ ಮಾಡಿದರು. ಆ ಗುಂಪಿನ ಮುಖ್ಯರು ಜಾನ್ ವೆಸ್ಲಿ (1703–1791) ಮತ್ತು ಅವರ ತಮ್ಮ ಚಾರ್ಲ್ಸ್ ವೆಸ್ಲಿ. ಹಾಸ್ಯದ ಹೆಸರೇ ಮುಂದೆ ಲೋಕದಲ್ಲೆಲ್ಲ ನಿಂತಿತು. ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು ಎಷ್ಟು ಬಾಳಿಕೆ ಬರುವುದೆಂಬುದನ್ನು ನಮ್ಮ ಕಾಲೇಜಿನವರಿಗೆ ನಾನು ವಿವರಿಸಬೇಕಾಗಿಲ್ಲ.

ಮೆಥಡಿಸ್ಟ್ ಸಭೆಗೂ ಸುದ್ದಿಗೂ ಇರುವ ನಂಟು ಹುಟ್ಟಿದ್ದು ಒಂದು ಸಾಲದಿಂದ. 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ವೆಸ್ಲಿಯವರ ಸಂಘದ ಕಟ್ಟಡದ ಮೇಲೆ ಸಾಲ ನಿಂತಿತ್ತು. ತೀರಿಸುವ ಬಗೆಯನ್ನು ಚರ್ಚಿಸಲು ಸೇರಿದಾಗ, ಫಾಯ್ ಎಂಬ ಕ್ಯಾಪ್ಟನ್ ಒಬ್ಬರು, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಸೂಚಿಸಿದರು. ಬಡವರಿಗೆ ಅದೂ ಕಷ್ಟವೆಂಬ ಮಾತು ಬಂತು. ಆಗ ಅವರು, ಅತ್ಯಂತ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಕೊಡಿರಿ, ವಾರವಾರ ನಾನೇ ಅವರ ಮನೆಗೆ ಹೋಗುತ್ತೇನೆ, ಅವರಿಂದ ಆಗದಿದ್ದರೆ ಅವರ ಪಾಲನ್ನು ನಾನೇ ತುಂಬುತ್ತೇನೆ ಎಂದರಂತೆ. ಉಳಿದವರೂ ಹಾಗೆಯೇ ಹನ್ನೊಂದು ಹನ್ನೆರಡು ಜನರ ಹೊಣೆ ಹೊತ್ತರು. ಪೆನ್ನಿ ವಸೂಲಿಗೆ ಮನೆಮನೆಗೆ ಹೋದವರಿಗೆ ಪೆನ್ನಿಗಿಂತ ಹೆಚ್ಚಿನದು ಕಂಡಿತು. ಯಾರ ಮನೆಯಲ್ಲಿ ಕಾಯಿಲೆ, ಯಾರ ಒಲೆ ಹತ್ತಿಲ್ಲ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಎಲ್ಲವೂ ತಿಳಿಯತೊಡಗಿತು. ವೆಸ್ಲಿ ಇದರ ಬೆಲೆಯನ್ನು ಕೂಡಲೆ ಅರಿತರು. ಹೀಗೆ "ಕ್ಲಾಸ್" ಎಂಬ ಹನ್ನೆರಡು ಜನರ ಗುಂಪೂ ಅದಕ್ಕೊಬ್ಬ ಲೀಡರೂ ಏರ್ಪಟ್ಟು, ಮೆಥಡಿಸ್ಟ್ ಸಭೆಯ ಅಡಿಗಲ್ಲಾಯಿತು. ಒಬ್ಬರ ಸ್ಥಿತಿ ಇನ್ನೊಬ್ಬರಿಗೆ ತಿಳಿದಿರಬೇಕು, ತಿಳಿದವನು ಸುಮ್ಮನಿರಕೂಡದು. ಈ ಏರ್ಪಾಡಿನ ತಿರುಳು ಇಷ್ಟೇ.

ಇಂತಹ ಸಭೆ ನಮ್ಮ ತುಮಕೂರು ಸೀಮೆಗೆ ಬಂದುದು ಹೇಗೆ? ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು 1820ರ ದಶಕದ ಆರಂಭದಲ್ಲಿ ಬೆಂಗಳೂರಿನ ದಂಡಿನಲ್ಲಿ ತಮಿಳು ಜನರ ನಡುವೆ ಕೆಲಸ ಹಿಡಿದಿದ್ದರು. ಕನ್ನಡ ನಾಡಿನ ಒಳಗೆ ಕಾಲಿಡಬೇಕೆಂದು ಥಾಮಸ್ ಹಾಡ್ಸನ್ ಎಂಬವರು 1837ರಲ್ಲಿ ಗುಬ್ಬಿಗೆ ಬಂದರು. ಗುಬ್ಬಿ ಆಗಲೇ ಅಡಕೆಯ ವ್ಯಾಪಾರಕ್ಕೂ ಸಂತೆಗೂ ಹೆಸರಾದ ಪೇಟೆ. ನಾಲ್ಕು ದಿಕ್ಕಿನ ಜನ ಸೇರುವ ಸ್ಥಳವಾದುದರಿಂದ ಅದನ್ನು ಆರಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ. ಸಂತೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಐವತ್ತು ಹಳ್ಳಿ ಮುಟ್ಟುತ್ತದೆ. ಗುಬ್ಬಿಯ ಸುತ್ತ ತುಮಕೂರು, ಕುಣಿಗಲ್ ಕಡೆಗೂ ಈ ಕೆಲಸ ಮುಂದೆ ಹಬ್ಬಿತು.

1839ರಲ್ಲಿ ಗುಬ್ಬಿಗೆ ವಿಲಿಯಂ ಆರ್ಥರ್ ಎಂಬ ಐರ್ಲೆಂಡಿನ ತರುಣರು ಬಂದರು. 1819ರಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತು ವರ್ಷ. ಅಂದರೆ ಇಂದಿನ ನನ್ನ ವಯಸ್ಸೇ. ನಾನು ತುಮಕೂರಿಗೆ ಬಂದ ಮೊದಲ ವಾರ ಬಸ್ ನಿಲ್ದಾಣದಿಂದ ಕಾಲೇಜಿನ ದಾರಿ ಕೇಳುವುದಕ್ಕೆ ನಾಚಿದವಳು. ಅವರು ಕಡಲು ದಾಟಿ ಬಂದು ಕನ್ನಡ ಕಲಿತು ಗುಬ್ಬಿಯ ಬೀದಿಯಲ್ಲಿ ನಿಂತು ಜನರೊಡನೆ ವಾದಮಾಡಿದರು. ಅವರ ಎಲ್ಲ ಅಭಿಪ್ರಾಯಗಳನ್ನೂ ನಾನು ಒಪ್ಪುವುದಿಲ್ಲ. ನಮ್ಮ ಜನರ ನಂಬಿಕೆಗಳ ವಿಷಯದಲ್ಲಿ ಆ ಕಾಲದ ಪಾದ್ರಿಗಳು ಬರೆದ ಮಾತುಗಳು ಅನೇಕ ಕಡೆ ಕಠಿಣವಾಗಿವೆ. ಕಣ್ಣಿನ ಬೇನೆಯಿಂದ ಅವರು 1841ರಲ್ಲೇ ಹಿಂದಿರುಗಬೇಕಾಯಿತು. 1847ರಲ್ಲಿ "ಎ ಮಿಷನ್ ಟು ದಿ ಮೈಸೂರ್" ಎಂಬ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಗುಬ್ಬಿಯಲ್ಲಿ ಅವರ ಹೆಸರಿನ ಸ್ಮಾರಕ ದೇವಾಲಯ ಇಂದಿಗೂ ನಿಂತಿದೆ. ಎರಡು ವರ್ಷ ಮಾತ್ರ ಇದ್ದು ಹೋದವರ ಹೆಸರನ್ನು ಊರು ಇಷ್ಟು ಕಾಲ ಇಟ್ಟುಕೊಂಡಿರುವುದು ಗಮನಿಸತಕ್ಕ ವಿಷಯ.

ಈ ಮಿಷನ್ನಿನವರು ಬಾಯಿಮಾತನ್ನು ಮಾತ್ರ ನೆಚ್ಚಿಕೊಂಡಿರಲಿಲ್ಲ. 1840ರಲ್ಲಿ ಬೆಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು. ಅಲ್ಲಿ ಕ್ರೈಸ್ತ ಪುಸ್ತಕಗಳಲ್ಲದೆ, 1849ರಲ್ಲಿ ಜಾನ್ ಗ್ಯಾರೆಟ್ಟರ ಸಂಪಾದಕತ್ವದಲ್ಲಿ ಭಗವದ್ಗೀತೆಯೂ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರು ಭಾಷೆಗಳಲ್ಲಿ ಅಚ್ಚಾಯಿತೆಂಬುದು ಅನೇಕರಿಗೆ ತಿಳಿಯದು. ಕನ್ನಡದ ಮೊದಲ ಪತ್ರಿಕೆಯಾದ "ಮಂಗಳೂರ ಸಮಾಚಾರ"ವನ್ನು 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಹೊರಡಿಸಿದುದನ್ನು ನಾವೆಲ್ಲ ಓದಿದ್ದೇವೆ. ಆ ದಿನವನ್ನೇ ಪತ್ರಿಕಾ ದಿನಾಚರಣೆಯಾಗಿ ಕೊಂಡಾಡುತ್ತೇವೆ. ವೆಸ್ಲಿಯನ್ ಮಿಷನ್ನಿನವರು ತಮ್ಮ ಪಾಲಿಗೆ 1887ರಲ್ಲಿ ಮೈಸೂರಿನಿಂದ "ವೃತ್ತಾಂತ ಪತ್ರಿಕೆ" ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಅದರ ಹಿಂದಿದ್ದವರು ಹೆನ್ರಿ ಹೇಗ್. ಈಗ ಆ ಪತ್ರಿಕೆ ಇಲ್ಲ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ ಸಭೆ, ದಕ್ಷಿಣ ಭಾರತ ಐಕ್ಯ ಸಭೆ, ಬ್ರಿಟಿಷ್ ಮೂಲದ ಮೆಥಡಿಸ್ಟ್ ಸಭೆ ಈ ಮೂರೂ ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತಷ್ಟೆ. ಮೆಥಡಿಸ್ಟರ ಪೈಕಿ ಪಿ. ಗುರುಶಾಂತರು ಅಂದೇ ಮೈಸೂರಿನ ಬಿಷಪ್ಪರಾಗಿ ಅಭಿಷಿಕ್ತರಾದರು. ಆ ಮೈಸೂರು ಧರ್ಮಪ್ರಾಂತ 1970ರಲ್ಲಿ ಉತ್ತರ, ದಕ್ಷಿಣ, ಮಧ್ಯ ಎಂದು ಮೂರಾಯಿತು. ತುಮಕೂರು, ಗುಬ್ಬಿ, ಕುಣಿಗಲ್ಲಿನ ಸಭೆಗಳು ಬೆಂಗಳೂರು ಕೇಂದ್ರವಾದ ಕರ್ನಾಟಕ ಮಧ್ಯ ಧರ್ಮಪ್ರಾಂತಕ್ಕೆ ಸೇರಿವೆ. ಅಮೆರಿಕದ ಮೆಥಡಿಸ್ಟರಿಗೆ ಸೇರಿದ ಕೋಲಾರ, ಬೀದರ್ ಮುಂತಾದ ಕಡೆಯ ಸಭೆಗಳು ಈ ಐಕ್ಯದಲ್ಲಿ ಸೇರಲಿಲ್ಲ. ಅವು 1981ರಿಂದ ಭಾರತದ ಮೆಥಡಿಸ್ಟ್ ಸಭೆಯೆಂದು ಸ್ವತಂತ್ರವಾಗಿವೆ. ಆದುದರಿಂದ ಲೆಕ್ಕದ ಪ್ರಕಾರ ನಾವು ಈಗ ಸಿ.ಎಸ್.ಐ.ನವರು; ಬಳಕೆಯಲ್ಲಿ, ಅಭ್ಯಾಸದಲ್ಲಿ, ಅಜ್ಜಿಯರ ಬಾಯಲ್ಲಿ ಇನ್ನೂ ಮೆಥಡಿಸ್ಟರು. ಗಂಡನ ಮನೆಗೆ ಬಂದು ಐವತ್ತು ವರ್ಷವಾದರೂ ತವರಿನ ಹೆಸರಿನಿಂದಲೇ ಕರೆಸಿಕೊಳ್ಳುವ ಸೊಸೆಯ ಹಾಗೆ.

ತವರಿನ ಅಭ್ಯಾಸಗಳಲ್ಲಿ ಒಂದು, ವರ್ಷದ ಮೊದಲ ಭಾನುವಾರ ನಡೆಯುವ ಒಡಂಬಡಿಕೆಯ ಆರಾಧನೆ. ವೆಸ್ಲಿಯವರು 1755ರಲ್ಲಿ ಆರಂಭಿಸಿದ ಪದ್ಧತಿಯಿದು. ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗಿಟ್ಟರೂ ಸರಿ, ನಾನು ನಿನ್ನವನೇ ಎಂದು ಎಲ್ಲರೂ ಒಟ್ಟಾಗಿ ದೇವರಿಗೆ ಮಾತು ಕೊಡುವುದು ಅದರ ಭಾವ. ಇನ್ನೊಂದು ಸುಗ್ಗಿ ಹಬ್ಬ. ಅಂದು ರಾಗಿ, ಅವರೆ, ಕುಂಬಳಕಾಯಿ, ತೆಂಗಿನಕಾಯಿ, ಬಾಳೆಗೊನೆ, ಅಡಕೆ, ಕೋಳಿ, ಮೊಟ್ಟೆ ಎಲ್ಲವೂ ದೇವಾಲಯದ ಮುಂದೆ ರಾಶಿ ಬೀಳುತ್ತವೆ. ಆರಾಧನೆಯ ನಂತರ ಹರಾಜು. ಒಂದು ಕೋಳಿಯನ್ನು ಕೂಗಿ ಕೊಂಡವರು ಅದನ್ನೇ ಮತ್ತೆ ಕಾಣಿಕೆಯಾಗಿ ಕೊಟ್ಟು, ಅದು ಮೂರು ನಾಲ್ಕು ಸಲ ಹರಾಜಾಗಿ, ಕಡೆಗೆ ಕೋಳಿಗೇ ಬೇಸರ ಬಂದಂತೆ ಕೂಗುವುದುಂಟು. ಆ ದಿನ ನಮ್ಮೂರಿನ ಬೇರೆ ಬೇರೆ ಮತದವರೂ ಬಂದು ಕೂಗುತ್ತಾರೆ. ಒಳ್ಳೆಯ ಬಾಳೆಗೊನೆಗೆ ಮತವಿಲ್ಲ.

ಇನ್ನು "ಸುದ್ದಿ"ಗೆ ಬರುತ್ತೇನೆ. ಪ್ರತಿ ಭಾನುವಾರ ಆರಾಧನೆಯ ನಡುವೆ "ಪ್ರಕಟಣೆಗಳು" ಎಂಬ ಭಾಗವಿದೆ. ಸಭಾಪಾಲಕರೋ ಸಭೆಯ ಕಾರ್ಯದರ್ಶಿಯೋ ಎದ್ದು ನಿಂತು ಓದುತ್ತಾರೆ. ಈ ವಾರ ಯಾರ ಮನೆಯಲ್ಲಿ ಕುಟುಂಬ ಪ್ರಾರ್ಥನೆ, ಸ್ತ್ರೀ ಸಂಘ ಎಂದು ಸೇರುತ್ತದೆ, ಹೋದ ವಾರದ ಕಾಣಿಕೆ ಎಷ್ಟು, ತುಮಕೂರಿನ ಆಸ್ಪತ್ರೆಯಲ್ಲಿ ಯಾರು ಮಲಗಿದ್ದಾರೆ, ಯಾವ ಮಗುವಿಗೆ ದೀಕ್ಷಾಸ್ನಾನ, ಯಾರ ಪರೀಕ್ಷೆಯ ಫಲಿತಾಂಶ ಬಂತು, ಯಾರು ತೀರಿಕೊಂಡರು. ಮದುವೆಯಿದ್ದರೆ ಮೂರು ಭಾನುವಾರ ವಧೂವರರ ಹೆಸರು ಓದಿ, ಆಕ್ಷೇಪವಿದ್ದವರು ತಿಳಿಸಬೇಕೆಂದು ಕೇಳುವುದು ವಾಡಿಕೆ. ಮದುವೆಯ ಸುದ್ದಿ ಗುಟ್ಟಾಗಿರಬಾರದು, ಮೋಸಕ್ಕೆ ಎಡೆಯಿರಬಾರದು ಎಂಬುದೇ ಇದರ ಉದ್ದೇಶ. ಜನನ, ವಿವಾಹ, ಮರಣಗಳನ್ನು ಸಭೆಯ ರಿಜಿಸ್ಟರುಗಳಲ್ಲಿಯೂ ಬರೆದಿಡುತ್ತಾರೆ. ಹಳ್ಳಿಗಳಲ್ಲಿ ಜನನದ ನೋಂದಣಿ ಸರಿಯಾಗಿ ಇಲ್ಲದಿದ್ದ ಕಾಲದಲ್ಲಿ ಒಬ್ಬನ ವಯಸ್ಸಿಗೆ ದೀಕ್ಷಾಸ್ನಾನದ ದಾಖಲೆಯೇ ಆಧಾರವಾಗುತ್ತಿತ್ತು.

ನನ್ನ ಅಜ್ಜಿಗೆ ಅಕ್ಷರ ಬಾರದು. ಆದರೆ ಒಮ್ಮೆ ಕೇಳಿದ ಪ್ರಕಟಣೆಯನ್ನು ಒಂದು ಮಾತೂ ಬಿಡದೆ ಒಪ್ಪಿಸಬಲ್ಲಳು. ಆರಾಧನೆ ಮುಗಿದ ಮೇಲೆ ನೇರವಾಗಿ ಮನೆಗೆ ಬರುವುದಿಲ್ಲ. ಮೈಯಲ್ಲಿ ಶಕ್ತಿಯಿಲ್ಲದೆ ಚರ್ಚಿಗೆ ಬರಲಾರದ ಮೂರು ನಾಲ್ಕು ಮುದುಕಿಯರ ಮನೆಯ ಜಗಲಿಯಲ್ಲಿ ಕೂತು, ಎಲೆ ಅಡಕೆ ಹಾಕಿಕೊಂಡು, ಅಂದಿನ ಸುದ್ದಿಯನ್ನೆಲ್ಲ ಹೇಳಿ ಬರುತ್ತಾಳೆ. ಅವರ ಪಾಲಿಗೆ ಅಜ್ಜಿಯೇ ವೃತ್ತಾಂತ ಪತ್ರಿಕೆ.

ಇಲ್ಲಿಯವರೆಗೆ ಹೇಳಿದ್ದು ಸುಲಭ. ಮುಂದಿನದನ್ನು ಬರೆಯಲೋ ಬೇಡವೋ ಎಂದು ಹಲವು ದಿನ ಯೋಚಿಸಿದೆ. ಬರೆಯದಿದ್ದರೆ ನನ್ನ ಸಹಪಾಠಿಯ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ.

ನಾನು ಬಿ.ಎ. ಸೇರುವ ವರ್ಷ ನಮ್ಮ ಮನೆಯಲ್ಲಿ ಕೈ ಬರಿದಾಗಿತ್ತು. ಅಪ್ಪ ತೆಂಗಿನಕಾಯಿ ಸುಲಿಯುವ ಕೂಲಿ. ಆ ಬೇಸಗೆಯಲ್ಲಿ ಅವರ ಬಲಗೈಗೆ ಪೆಟ್ಟಾಗಿ ಎರಡು ತಿಂಗಳು ಕೆಲಸವಿರಲಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಲಿದ್ದವಳು ನಾನೇ ಮೊದಲು. ಶುಲ್ಕ, ಪುಸ್ತಕ, ಬಸ್ ಪಾಸು ಎಲ್ಲಕ್ಕೂ ಹಣ ಬೇಕಿತ್ತು. ಜೂನ್ ತಿಂಗಳ ಒಂದು ಭಾನುವಾರ ಪ್ರಕಟಣೆಗಳ ಕೊನೆಯಲ್ಲಿ ಸಭಾಪಾಲಕರು, "ನಮ್ಮ ಸಭೆಯ ಒಬ್ಬ ವಿದ್ಯಾರ್ಥಿನಿ ಪದವಿ ತರಗತಿಗೆ ಸೇರಲಿದ್ದಾಳೆ. ಅವಳಿಗೆ ಸಹಾಯದ ಅಗತ್ಯವಿದೆ. ಶಕ್ತರಾದವರು ಕಾರ್ಯದರ್ಶಿಗಳನ್ನು ಕಾಣಬೇಕು" ಎಂದು ಓದಿದರು. ಹೆಸರು ಹೇಳಲಿಲ್ಲ. ಮೂವತ್ತು ಮನೆಯ ಸಭೆಯಲ್ಲಿ ಹೆಸರು ಹೇಳುವ ಅಗತ್ಯವೇನಿದೆ? ಎಲ್ಲರ ಕಣ್ಣೂ ನನ್ನ ಬೆನ್ನ ಮೇಲೆ ಬಿದ್ದಂತಾಯಿತು. ಕೊನೆಯ ಗೀತೆಗೆ ಎಲ್ಲರೂ ಎದ್ದಾಗ ನಾನು ಹಿಂದಿನ ಬಾಗಿಲಿನಿಂದ ಹೊರಟುಬಂದೆ. ಮುಂದಿನ ಮೂರು ಭಾನುವಾರ ತಲೆನೋವೆಂದು ಹೇಳಿ ಮನೆಯಲ್ಲೇ ಉಳಿದೆ.

ಮೂರನೆಯ ಭಾನುವಾರ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. "ಯಾಕವ್ವಾ, ತಲೆನೋವು ಭಾನುವಾರಕ್ಕೇ ಬತ್ತದಾ?" ಎಂದಳು. ನಾನು ಮಾತಾಡಲಿಲ್ಲ. "ಕೊಟ್ಟೋರು ಯಾರೂ ನಿನ್ ಮಕ ನೋಡ್ಕಂಡು ಕೊಟ್ಟಿಲ್ಲ. ನಿಮ್ ತಾತುಂಗೂ ಹಿಂಗೇ ಓದಿದ್ರು. ಓಗಿ ಪುಸ್ತಕ ನೋಡೋಗು" ಎಂದಳು.

ಯಾವ ಪುಸ್ತಕವೆಂದು ನನಗೆ ಆಗ ತಿಳಿಯಲಿಲ್ಲ. ಕೆಲವು ತಿಂಗಳ ನಂತರ, ನನ್ನ ಅಕ್ಷರ ದುಂಡಾಗಿದೆಯೆಂಬ ಕಾರಣದಿಂದ ಕಾರ್ಯದರ್ಶಿಗಳು ಕಾಗದಪತ್ರ ಬರೆಯುವ ಕೆಲಸಕ್ಕೆ ನನ್ನನ್ನು ಕರೆದರು. ಬೀರುವಿನಲ್ಲಿ ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕಗಳಿದ್ದವು. ಅವು ವಾರವಾರದ ಪ್ರಕಟಣೆಗಳನ್ನು ಬರೆದಿಟ್ಟ ಪುಸ್ತಕಗಳು. ಕೆಲವು ಹಾಳೆ ಗೆದ್ದಲು ತಿಂದಿತ್ತು. ಒಂದು ಸಂಜೆಯೆಲ್ಲ ಹುಡುಕಿದ ಮೇಲೆ ನನ್ನ ತಾತನ ಹೆಸರು ಸಿಕ್ಕಿತು. ಅವರ ಉಳುವ ಎತ್ತುಗಳಲ್ಲಿ ಒಂದು ಸತ್ತುಹೋಗಿ, ಮಳೆ ಬಿದ್ದರೂ ಹೊಲ ಹಾಗೆಯೇ ಬಿದ್ದಿದೆಯೆಂದೂ, ಸಭೆಯವರು ಕೈಲಾದುದನ್ನು ಮಾಡಬೇಕೆಂದೂ ಮಸುಕಾದ ಶಾಯಿಯಲ್ಲಿ ಬರೆದಿತ್ತು. ಅದರ ಕೆಳಗೆ ಕೊಟ್ಟವರ ಪಟ್ಟಿ. ಒಬ್ಬರು ಎರಡು ರೂಪಾಯಿ, ಒಬ್ಬರು ನಾಲ್ಕು ಸೇರು ರಾಗಿ. ಕೊಡಲು ಏನೂ ಇಲ್ಲದ ಒಬ್ಬರು, ತಮ್ಮ ಎತ್ತನ್ನು ಮೂರು ದಿನ ಹೂಡಲು ಕೊಡುವುದಾಗಿ. ಇನ್ನೆರಡು ವರ್ಷದ ಮುಂದಿನ ಪುಟದಲ್ಲಿ ಬೇರೊಬ್ಬರ ಮನೆಗೆ ಬೆಂಕಿ ಬಿದ್ದ ಸುದ್ದಿ. ಅಲ್ಲಿನ ಪಟ್ಟಿಯಲ್ಲಿ ನನ್ನ ತಾತನ ಹೆಸರಿನ ಮುಂದೆ "ತೆಂಗಿನ ಗರಿ, ಒಂದು ಗಾಡಿ" ಎಂದಿತ್ತು.

ಆ ಪುಟದ ಮುಂದೆ ಕುಳಿತಾಗ ಬ್ರಿಸ್ಟಲಿನ ಹನ್ನೊಂದು ಬಡವರ ಕತೆ ನನಗೆ ಅರ್ಥವಾಯಿತು. ಅದುವರೆಗೆ ನಾನು ತಿಳಿದುಕೊಂಡಿದ್ದುದು, ಕೊಡುವವರದೊಂದು ಸಾಲು, ಬೇಡುವವರದೊಂದು ಸಾಲು ಎಂದು. ಪುಸ್ತಕದಲ್ಲಿ ಎರಡು ಸಾಲಿರಲಿಲ್ಲ. ಈ ವರ್ಷ ಬೇಡಿದವನು ಆ ವರ್ಷ ಕೊಟ್ಟಿದ್ದಾನೆ. ಪ್ರಕಟಣೆಯಲ್ಲಿ ಹೆಸರು ಬರುವುದೆಂದರೆ ಈ ಲೆಕ್ಕದೊಳಗೆ ಸೇರಿಕೊಳ್ಳುವುದು ಎಂದಷ್ಟೇ ಅರ್ಥ. ಮುಂದಿನ ಭಾನುವಾರ ನಾನು ಮುಂದಿನ ಸಾಲಿನಲ್ಲೇ ಕುಳಿತೆ.

ಹೀಗೆಂದು ನಮ್ಮ ಸಭೆಯನ್ನು ಸ್ವರ್ಗವೆಂದು ಚಿತ್ರಿಸುವುದು ಸರಿಯಲ್ಲ. ಸುದ್ದಿ ಸಹಾಯಕ್ಕೆ ಬರುವಂತೆಯೇ ಚಾಡಿಗೂ ಬರುತ್ತದೆ. ಪ್ರಕಟಣೆಯಲ್ಲಿ ಓದದ ಎಷ್ಟೋ ವಿಷಯ ಬಾವಿಯ ಕಟ್ಟೆಯಲ್ಲಿ ಪ್ರಕಟವಾಗುತ್ತದೆ. ಸಮಿತಿಯ ಚುನಾವಣೆ ಬಂದರೆ ಅಣ್ಣತಮ್ಮಂದಿರೂ ಮಾತು ಬಿಡುತ್ತಾರೆ. ಬಿಟ್ಟುಬಂದೆವೆಂದು ಹೇಳಿಕೊಳ್ಳುವ ಜಾತಿಯ ನೆರಳು ಮದುವೆಯ ಮಾತುಕತೆಯಲ್ಲಿ ಇಣುಕಿ ನೋಡುವುದನ್ನು ನಾನು ಕಂಡಿದ್ದೇನೆ. ಸಹಾಯ ಕೇಳುವ ಪ್ರಕಟಣೆಯನ್ನು ಓದುವ ಮೊದಲು ಆ ಮನೆಯವರನ್ನು ಮಾತ್ರವಲ್ಲ, ಆ ವಿದ್ಯಾರ್ಥಿಯನ್ನೂ ಒಂದು ಮಾತು ಕೇಳಬೇಕೆಂದು ಈಗ ಸಮಿತಿಯಲ್ಲಿ ನಾನೇ ಸೂಚಿಸಿದ್ದೇನೆ. ಅದಕ್ಕೆ ಒಪ್ಪಿಗೆಯೂ ದೊರೆತಿದೆ.

ಇನ್ನೊಂದು ಮಾತು. ಆ ಪುಸ್ತಕಗಳಲ್ಲಿ ಕೊನೆಯದು 2020ರ ಮಾರ್ಚ್ ತಿಂಗಳಲ್ಲಿ ನಿಂತುಹೋಗಿತ್ತು. ಆ ತಿಂಗಳ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಗಿ ದೇವಾಲಯಗಳ ಬಾಗಿಲು ಮುಚ್ಚಿದುವು. ಆ ವರ್ಷದ ಪುನರುತ್ಥಾನದ ಹಬ್ಬವನ್ನೂ ಮನೆಯಲ್ಲೇ ಆಚರಿಸಿದೆವು. ಸುದ್ದಿ ಮುಟ್ಟಿಸಲು ವಾಟ್ಸಾಪ್ ಗುಂಪು ಬಂತು. ಆ ಕಷ್ಟಕಾಲದಲ್ಲಿ ಅದು ಮಾಡಿದ ಉಪಕಾರ ದೊಡ್ಡದು. ಔಷಧಿ, ಅಕ್ಕಿ, ಸಾವಿನ ಸುದ್ದಿ ಎಲ್ಲವೂ ಅದರಲ್ಲೇ ಬಂದುವು. ಬೆಂಗಳೂರಿನ ಕಾರ್ಖಾನೆಗಳಿಗೆ ಹೋದ ನಮ್ಮ ಹುಡುಗರಿಗೂ ಊರಿನ ಸುದ್ದಿ ಕ್ಷಣದಲ್ಲಿ ಮುಟ್ಟುತ್ತದೆ. ಬಾಗಿಲು ತೆರೆದ ಮೇಲೂ ಗುಂಪು ಉಳಿಯಿತು, ಪುಸ್ತಕ ಮಾತ್ರ ಮತ್ತೆ ತೆರೆಯಲಿಲ್ಲ. ಫೋನು ಕೆಟ್ಟರೆ, ಬದಲಾದರೆ ಆ ಸುದ್ದಿಯೂ ಹೋಯಿತು. ಅಜ್ಜಿಯ ಬಳಿ ಫೋನೂ ಇಲ್ಲ. ನನ್ನ ಶುಲ್ಕಕ್ಕೆ ಕೊಟ್ಟವರು ಯಾರು ಯಾರೆಂದು ಹುಡುಕಿದಾಗ ಎಲ್ಲಿಯೂ ಬರಹ ಸಿಕ್ಕಲಿಲ್ಲ. ನನ್ನ ಮೊಮ್ಮಗಳು ಬೀರುವನ್ನು ತೆರೆದರೆ ಅವಳಿಗೆ ನನ್ನ ಹೆಸರು ಸಿಕ್ಕುವುದಿಲ್ಲ.

ಆದುದರಿಂದ ಕಳೆದ ಜನವರಿಯ ಮೊದಲ ಭಾನುವಾರ, ಒಡಂಬಡಿಕೆಯ ಆರಾಧನೆಯಾದ ಮೇಲೆ, ಇನ್ನೂರು ಪುಟದ ಒಂದು ಹೊಸ ಪುಸ್ತಕವನ್ನು ತಂದು ಮತ್ತೆ ಬರೆಯಲು ಆರಂಭಿಸಿದೆ. ಮೊದಲನೆಯ ಪುಟವನ್ನು ಹಿಂದಿನದಕ್ಕೆ ಬಿಟ್ಟೆ. ಕಾರ್ಯದರ್ಶಿಗಳನ್ನೂ ಅಜ್ಜಿಯನ್ನೂ ಕೇಳಿ ಕೇಳಿ, ನನಗೆ ಕೊಟ್ಟವರ ಹೆಸರನ್ನು ಅಲ್ಲಿ ಬರೆಯುತ್ತಿದ್ದೇನೆ. ಇದುವರೆಗೆ ಹದಿನೇಳು ಹೆಸರಾಗಿದೆ. ಅವರಲ್ಲಿ ಇಬ್ಬರು ನಮ್ಮ ಸಭೆಗೆ ಸೇರಿದವರಲ್ಲ. ಸುದ್ದಿ ಕೇಳಿ ಕೊಟ್ಟ ನೆರೆಯವರು. ಅಜ್ಜಿ ಇನ್ನೂ ಇದ್ದಾರೆ ಎನ್ನುತ್ತಾಳೆ, ನೆನಪು ಮಾಡಿಕೊಳ್ಳುತ್ತಿದ್ದಾಳೆ.

ಮಿತ್ರರೇ, ನಮ್ಮಲ್ಲಿ ಬಹುಮಂದಿ ಹಳ್ಳಿಯಿಂದ ಬಂದವರು. ಮನೆಗೆ ಮೊದಲ ಪದವೀಧರರು. ನಿಮ್ಮ ಊರಿನ ದೇವಸ್ಥಾನದಲ್ಲೋ ಮಸೀದಿಯಲ್ಲೋ ಹಾಲಿನ ಸಂಘದಲ್ಲೋ ಇಂತಹ ಒಂದು ಪುಸ್ತಕ ಇರಬಹುದು. ಇಲ್ಲದಿದ್ದರೆ ಒಬ್ಬ ಅಜ್ಜಿಯಾದರೂ ಇದ್ದೇ ಇರುತ್ತಾಳೆ. ಈ ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ವಿಚಾರಿಸಿ ನೋಡಿರಿ. ಅಕ್ಷರ ಕಲಿತ ನಮಗೆ, ಅಕ್ಷರ ಕಲಿಯದವರ ಸುದ್ದಿಯನ್ನು ಬರೆದಿಡುವ ಋಣವೊಂದು ಉಳಿದಿದೆ.